ಲಾಭ, ಎರಡು, ಮೂರು

ಅಧ್ಯಕ್ಷತೆ ವಹಿಸಿರುವ ನಿಂಗರಾಜು ಅವರೇ, ಗುಂಡ್ಲುಪೇಟೆಯಿಂದ ಬಂದಿರುವ ಶಿಕ್ಷಣಾಧಿಕಾರಿ ಶಿವರುದ್ರಸ್ವಾಮಿ ಅವರೇ, ಮುಂದಿನ ಸಾಲಿನಲ್ಲಿ ಈಗಾಗಲೇ ಲಾಡಿನ ಪೊಟ್ಟಣ ಬಿಚ್ಚಿರುವ ಮಕ್ಕಳೇ, ಸಭಿಕರೇ,

ಶಾಲೆಯ ವಾರ್ಷಿಕೋತ್ಸವದಲ್ಲಿ ವರದಿ ಓದುವುದು ನನ್ನ ಕೆಲಸ. ಇರುವ ಒಬ್ಬಳೇ ಶಿಕ್ಷಕಿ ನಾನು, ಬೇರೆ ಯಾರು ಓದಬೇಕು? ಆದರೆ ಇಂದು ವರದಿಯಲ್ಲಿಲ್ಲದ ಒಂದು ವಿಷಯ ಹೇಳಬೇಕು.

ಕಳೆದ ವರ್ಷ ಜನಗಣತಿಗೆಂದು ಈ ಊರಿನ ಜನರನ್ನು ಮನೆಮನೆಗೆ ಹೋಗಿ ಎಣಿಸಿದವಳು ನಾನು. ಅರವತ್ತೆರಡು ಮನೆ, ಇನ್ನೂರ ಎಪ್ಪತ್ತೊಂದು ಜನ. ಶಾಲೆಯಲ್ಲಿದ್ದ ಮಕ್ಕಳು ಏಳು. ಜೂನ್ ಹೊತ್ತಿಗೆ ಹತ್ತಾಗದಿದ್ದರೆ ಶಾಲೆಗೆ ಬೀಗ, ಮಕ್ಕಳು ಬೇಗೂರಿನ ಬಸ್ಸು ಹತ್ತಬೇಕು ಎಂದು ಆದೇಶ ಬಂದಿತ್ತು. ನನ್ನ ಪಟ್ಟಿಯಲ್ಲಿ ಹೊಸದಾಗಿ ಸೇರುವ ವಯಸ್ಸಿನ ಕೂಸು ಒಂದೇ ಒಂದು.

ನನಗೆ ದುಃಖವಾಯಿತೇ? ಆಗಬೇಕಿತ್ತು. ಚಾಮರಾಜನಗರಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದೆ. ಅಲ್ಲಿ ಗ್ರಂಥಾಲಯವಿದೆ, ಕವಿತೆ ಓದುವ ಗೆಳತಿಯರಿದ್ದಾರೆ. ಗಣತಿಯಲ್ಲಿ ನನ್ನ ಹೆಸರನ್ನೂ ಅಲ್ಲಿ, ಅಣ್ಣನ ಮನೆಯಲ್ಲೇ ಬರೆಸಿದ್ದೆ. ಶಾಲೆ ಮುಚ್ಚಿದರೆ ನನ್ನನ್ನು ತಡೆಯುವವರಾರು? ಪಟ್ಟಿಯನ್ನು ಎರಡನೇ ಸಲ ನೋಡಲಿಲ್ಲ.

ಒಂದು ಬೆಳಿಗ್ಗೆ ಮಂಚಮ್ಮನವರ ಮನೆಗೆ ಮಜ್ಜಿಗೆಗೆಂದು ಹೋದೆ. ಒಬ್ಬಳೇ ಮೊಮ್ಮಗಳು, ಮೂರನೇ ಕ್ಲಾಸಿನ ಚೈತ್ರ, ಎಂದು ಬರೆಸಿದ್ದ ಅಜ್ಜಿ. ಜಗಲಿಯ ಮೇಲೆ ಪುಟ್ಟ ತಟ್ಟೆ ಎರಡು.

"ಇನ್ನೊಂದು ಯಾರ್ದಜ್ಜಿ?"

"ಬೆಕ್ಕಿಂದು ಕಣವ್ವ."

ಅಷ್ಟರಲ್ಲಿ ಆ ಬೆಕ್ಕು ಚಡ್ಡಿ ಏರಿಸಿಕೊಳ್ಳುತ್ತ ಹಿತ್ತಿಲಿಂದ ಬಂತು. ರೇವಂತ್, ನಗಬೇಡ, ನೀನೇ ಅದು.

ಹನ್ನೊಂದು ವರ್ಷ ಈ ಊರಲ್ಲಿದ್ದೂ ಆ ಮಗುವನ್ನು ನಾನು ಕಂಡಿರಲಿಲ್ಲ. ಶಾಲೆ, ಬಾಡಿಗೆ ಕೋಣೆ, ಬಸ್ ಸ್ಟಾಪು. ಇಷ್ಟರಲ್ಲೇ ಬದುಕಿದವಳಿಗೆ ಕಾಣುವುದಾದರೂ ಹೇಗೆ?

"ಯಾಕಜ್ಜಿ ಮುಚ್ಚಿಟ್ರಿ?"

"ಕೂಸ್ಗಳ್ನ ಎಣಿಸ್ಬಾರ್ದು ಕಣವ್ವ, ಕಣ್ಣಾಯ್ತದೆ. ಊರ್ನಲ್ಲಿ ಎಲ್ರೂ ಒಂದ್ ಕಮ್ಮಿನೇ ಏಳದು."

"ಹಂಗೇ ಹೇಳ್ತಿದ್ರೆ ಸ್ಕೂಲ್ ಮುಚ್ಬುಡ್ತಾರೆ."

ಅಜ್ಜಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ರಾಗಿ ಅಳೆಯೋವಾಗ ಮೊದಲ್ನೇ ಸೇರಿಗೆ ಒಂದು ಅಂತೀವಾ? ಲಾಭ ಅಂತೀವಿ. ಕೂಸ್ಗಳ್ನೂ ಅಂಗೇ ಎಣಿಸ್ಬುಡನ. ಯಾವ ಕಣ್ಣೂ ತಾಕಾಕಿಲ್ಲ."

ಅಜ್ಜಿಯ ಮಾತು ಊರೆಲ್ಲ ಹಬ್ಬಿ, ಸಂಜೆಗೆ ತಾಯಂದಿರು ತಾವಾಗಿಯೇ ಮಕ್ಕಳನ್ನು ಆ ಜಗಲಿಗೆ ಕರೆತಂದರು. ಶಾಲೆಗೆ ಸೇರುವ ವಯಸ್ಸಿನವರನ್ನು ಸಾಲಾಗಿ ನಿಲ್ಲಿಸಿ, ಅಜ್ಜಿ ಒಬ್ಬೊಬ್ಬರ ತಲೆ ಮುಟ್ಟಿದರು. ಲಾಭ, ಎರಡು, ಮೂರು, ನಾಲ್ಕು, ಐದು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಆರು" ಎಂದರು.

"ಅಜ್ಜೀ, ಮೇಡಮ್ಮು ಒಂದನೇ ಕ್ಲಾಸಿಗೆ ಸೇರಾಕಿಲ್ಲ!" ಎಂದು ಚೈತ್ರ ಕಿರುಚಿದಳು.

"ಇರ್ಲಿ ಬುಡು ಕಣಮ್ಮಿ. ಇವ್ರೂ ನಮ್ಮೂರವ್ರೇ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಕಣ್ಣೊರೆಸಿಕೊಳ್ಳುತ್ತ.

ಈಗ ಶಾಲೆಯಲ್ಲಿ ಹನ್ನೆರಡು ಮಕ್ಕಳು. ಬೀಗ ಬೀಳಲಿಲ್ಲ. ಆದರೆ ಶಿವರುದ್ರಸ್ವಾಮಿ ಅವರೇ, ನನ್ನ ವರ್ಗಾವಣೆಯ ಅರ್ಜಿ ಇನ್ನೂ ನಿಮ್ಮ ಕಚೇರಿಯಲ್ಲಿದೆ. ನಾನು ಹೋದರೆ ಇವರಿಗೆ ಪಾಠ ಹೇಳುವವರಾರು? ಈ ಸಭೆಯೆದುರು ಅದನ್ನು ಹಿಂದಕ್ಕೆ ಕೇಳುತ್ತಿದ್ದೇನೆ. ದಯವಿಟ್ಟು ಹರಿದುಬಿಡಿ. ಓಹೋ, ಮಂಚಮ್ಮನವರು ಆಗಲೇ ಚಪ್ಪಾಳೆ ಶುರು ಮಾಡಿಬಿಟ್ಟರು. ಇನ್ನು ನನ್ನ ಮಾತು ಯಾರಿಗೂ ಕೇಳಿಸದು. ನಿಮಗೆಲ್ಲ ಕೃತಜ್ಞತೆ, ನಮ್ಮೂರಿಗೆ ನಮಸ್ಕಾರ.