ಮುಟ್ಟದೆ ಬರೆದ ನಾಡಿ

ಒಂದು ಪಟ್ಟಣದ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಇದ್ದಳು. ಕೆಟ್ಟವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೊಸದರಲ್ಲಿ ಒಬ್ಬೊಬ್ಬ ರೋಗಿಯ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ನಾಡಿ ಎಣಿಸುತ್ತಿದ್ದಳು. ಬರಬರುತ್ತ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದಳು. ಆಮೇಲೆ? ಮಧ್ಯಾಹ್ನದ ಪಾಳಿಗೆ ಬರಬೇಕಾದವರು ಬರಲಿಲ್ಲ, ಬೆಳಗಿನಿಂದ ನಿಂತವಳೇ ಮತ್ತೆ ನಿಂತಳು. ಒಂದು ದಿನವಲ್ಲ ನೋಡಿ, ತಿಂಗಳುಗಟ್ಟಲೆ. ನಲವತ್ತು ಹಾಸಿಗೆಗೆ ಒಬ್ಬಳೇ. ಒಂದು ಗುಟುಕು ನೀರಿಗೂ ಪುರುಸೊತ್ತಿಲ್ಲ. ಕೈ ಐದನೇ ಹಾಸಿಗೆಯಲ್ಲಿ, ಮನಸ್ಸು ಹದಿನೈದನೆಯದರಲ್ಲಿ.

ಒಂದು ದಿನ ನಾಲ್ಕು ಗಂಟೆಗೆ ನಾಡಿ ನೋಡುತ್ತ ಬಂದಳು. ಒಬ್ಬ ಮುದುಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. “ಪಾಪ, ನಿದ್ದೆ ಮಾಡ್ಲಿ ಬಿಡು” ಎಂದುಕೊಂಡು, ಮಧ್ಯಾಹ್ನ ಎಷ್ಟಿತ್ತೋ ಅಷ್ಟೇ ಬರೆದಳು, ಎಪ್ಪತ್ತಾರು.

ನಾಲ್ಕೂವರೆಗೆ ಮಗಳು ಗಂಜಿ ತಂದಳು. ಅಪ್ಪನ ಮೈ ತಣ್ಣಗಿತ್ತು. ಡಾಕ್ಟರು ಬಂದು ನೋಡಿ, ನರ್ಸಮ್ಮನಿಗೆ ಮಾತ್ರ ಕೇಳುವಂತೆ, “ಮೂರು ಗಂಟೆಗೇ ಹೋಗಿರ್ಬೇಕು” ಎಂದರು.

ಮಗಳು ಹಾಸಿಗೆಗೆ ತೂಗುಹಾಕಿದ್ದ ಹಾಳೆ ನೋಡಿದಳು. ನರ್ಸಮ್ಮನ ಎರಡೂ ಕೈ ಹಿಡಿದುಕೊಂಡಳು.

“ನಾಲ್ಕು ಗಂಟೆಗೆ ನಾಡಿ ನೋಡಿದೀರಲ್ಲ ಸಿಸ್ಟರ್. ಕೊನೇಲಿ ಅಪ್ಪನ ಕೈ ಹಿಡಿದೋರು ನೀವೊಬ್ರೇ. ಏನಾದ್ರೂ ಅಂದ್ರಾ? ನನ್ನ ಕೇಳಿದ್ರಾ?”

ಏನು ಹೇಳಬೇಕು ಹೇಳಿ?

“ಇಲ್ಲಮ್ಮಾ,” ಎಂದಳು, “ನಾನು ಕೈ ಹಿಡೀಲೇ ಇಲ್ಲ.”

ಮಗಳು ಬೈಯಲಿಲ್ಲ. ಹಿಡಿದಿದ್ದ ಕೈ ಬಿಟ್ಟಳು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗ ಯಾರನ್ನು ದೂರೋಣ? ಆಸ್ಪತ್ರೆ ನಡೆಸುವ ಧಣಿಗಳೂ ಇಲ್ಲಿ ಕೂತಿದ್ದೀರಿ. ತಲೆ ತಗ್ಗಿಸಬೇಡಿ, ನಾಳೆಯೇ ಇನ್ನಿಬ್ಬರನ್ನು ನೇಮಿಸಿ. ಉಸಿರು ಗಮನಿಸಿದರೆ ದಣಿವೆಲ್ಲ ಹೋಗುತ್ತದೆ ಎಂದು ನಾನು ಸುಳ್ಳು ಹೇಳುವವನಲ್ಲ. ದಣಿವಿಗೆ ಮದ್ದು ನಿದ್ದೆ, ರಜೆ. ಅದನ್ನು ಕೊಡಬೇಕಾದವರು ನೀವು.

ಆದರೆ ನರ್ಸಮ್ಮಂದಿರೇ, ಅಲ್ಲಿಯವರೆಗೆ ಪ್ರತಿ ಹಾಸಿಗೆಯ ಬಳಿ ಒಮ್ಮೆ ನಿಲ್ಲಿ. ಪಾದ ನೆಲಕ್ಕೆ ತಾಗಿದ್ದು ತಿಳಿಯಲಿ. ಒಂದು ಉಸಿರು ಒಳಗೆ, ಒಂದು ಉಸಿರು ಹೊರಗೆ. ಆಮೇಲೆ ಕೈ ಹಿಡಿಯಿರಿ. ಪೂರ್ತಿ ಒಂದು ನಿಮಿಷ. ಆ ನಿಮಿಷವೇ ನಿಮ್ಮ ಜಪ, ಆ ನಿಮಿಷವೇ ನಿಮ್ಮ ವಿಶ್ರಾಂತಿ. ಅದಕ್ಕೂ ಆಗದ ದಿನ ಹಾಳೆಯನ್ನು ಖಾಲಿ ಬಿಡಿ. ಯಾಕೆ ಖಾಲಿ ಎಂದು ಬೈದರೆ ಬೈಸಿಕೊಳ್ಳಿ. ಮುಟ್ಟದೆ ಮಾತ್ರ ಬರೆಯಬೇಡಿ.