ಉಳಿಸಬೇಕಾ, ಅಳಿಸಬೇಕಾ

ಸಾನಪಾಡಾದ ಉಡುಪಿ ಹೋಟೆಲಿನಲ್ಲಿ ಮೇಜು ಖಾಲಿಯಾಗಲೆಂದು ಕಾಯುತ್ತಿದ್ದೆ. ನನ್ನ ಮುಂದೆ ನಿಂತಿದ್ದ ಹೆಂಗಸು ಮತ್ತು ಯುವಕನ ಕೊರಳಲ್ಲಿ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದ ಗುರುತಿನ ಚೀಟಿಗಳಿದ್ದವು.

“ಸ್ಕ್ಯಾನ್ ಇಡುವ ಡಿಸ್ಕುಗಳನ್ನೆಲ್ಲ ನಡೆಸುವ ಕಂಟ್ರೋಲರ್ ಸತ್ತಿತ್ತಲ್ಲ ವಾರಿಜಕ್ಕ, ಹೊಸದು ಹಾಕಿದೆ. ಡಿಸ್ಕುಗಳ ಹಳೆ ಜೋಡಣೆ ಉಳಿಸಬೇಕಾ, ಅಳಿಸಬೇಕಾ ಅಂತ ಕೇಳ್ತಾ ಉಂಟು.”

“ನೀನೆಂತ ಒತ್ತಿದೆ ಸುಶ್ರುತ?”

“ಎಂತದ್ದೂ ಇಲ್ಲ. ರೂಮಿಗೆ ಬೀಗ ಹಾಕಿ ಬಂದೆ.”

“ಪುಣ್ಯಾತ್ಮ! ಉಳಿಸು ಅಂತ ಒತ್ತಿದ್ರಾಯ್ತಲ್ಲ?”

“ಹೋದ ತಿಂಗಳು ಕೈಕೊಟ್ಟ ಡಿಸ್ಕ್ ಇನ್ನೂ ಅಲ್ಲೇ ಉಂಟು. ಉಳಿಸು ಅಂದಾಗ ಅದರ ಹಳೆ ಮಾಹಿತಿಯೂ ಈಗಿನದ್ರ ಜೊತೆ ಸೇರಿದ್ರೆ ರೋಗಿಗಳ ಎಲ್ಲಾ ಸ್ಕ್ಯಾನ್ ಗೋತಾ.”

“ಬ್ಯಾಕಪ್ ಉಂಟಲ್ಲ ಮಾರಾಯ.”

“ಅದು ನಿಮಗೇ ಗೊತ್ತು. ದಿನಾ ಸರಿ ಉಂಟು ಅಂತ ಬರೆಯುದು ನೀವಲ್ವಾ?”



“ಬರೆದದ್ದು ಹೌದು. ಆ ಬ್ಯಾಕಪ್ ತೆರೆದು ನೋಡ್ಲಿಲ್ಲ, ಒಂದು ಸಲವೂ.”

“ಅಕ್ಕಾ, ಮಧ್ಯಾಹ್ನ ಒಂದು ಮಗುವಿನ ತಲೆಯ ಆಪರೇಷನ್ ಉಂಟು. ಡಾಕ್ಟ್ರು ಸ್ಕ್ಯಾನ್ ಕೇಳ್ತಾರೆ.”

“ಬಾ. ಮೊದಲು ಆ ಹಾಳಾದ ಡಿಸ್ಕ್ ಹೊರಗೆ ತೆಗೆಯುವ. ಆಮೇಲೆ ಉಳಿಸು ಅಂತ ಒತ್ತುವ.”

ವೇಟರ್ ಎರಡು ಕುರ್ಚಿ ಖಾಲಿಯಿದೆ ಎಂದು ಕೂಗಿದ. ಅವರು ಆಗಲೇ ಮೆಟ್ಟಿಲಿಳಿಯುತ್ತಿದ್ದರು.

“ಅದು ಯಾವ ಡಿಸ್ಕ್ ಅಂತ ಖಾತ್ರಿ ಉಂಟಲ್ಲ ನಿಂಗೆ?”

“ಉಂಟು ಅಂತ ಕಾಣ್ತದೆ.”