ಪಿಲಿಪಾದೆಯ ಚಾ ಅಂಗಡಿ

ತೀರಿಕೊಂಡ ಗಂಡನ ಬೊಜ್ಜದ ಕ್ರಿಯೆಗಳೆಲ್ಲ ಮುಗಿದ ಮರುದಿನ ಬೆಳಿಗ್ಗೆ ಕಾರ್ಕಳದ ಬಸ್ ನಿಲ್ದಾಣದಲ್ಲಿ ಅವರು ಒಬ್ಬ ಮಾಸ್ಟರರಿಂದ ಎರವಲು ತಂದಿದ್ದ ಕೊಡೆ ಹಿಡಿದು ಮಣಿಪಾಲದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ ಇಬ್ಬರು ಕುಳಿತಿದ್ದರು. ಆ ಗಂಡಸಿಗೆ ಘಟ್ಟದ ರಕ್ಷಿತಾರಣ್ಯದೊಳಗೆ ಚಾ ಅಂಗಡಿಯ ಗುತ್ತಿಗೆ ಸಿಕ್ಕಿದೆಯೆಂದು ಅವರ ಮಾತಿನಿಂದ ತಿಳಿಯಿತು.

"ಮೊನ್ನೆ ಅಲ್ಲಿಯ ದೈವಕ್ಕೆ ತಂಬಿಲದ ಪೂಜೆ ಕೊಡುವಾಗ ಜಾಗದ ಹೆಸರು ಎಂತ ಹೇಳಿದಿರಿ?" ಎಂದಳು ಹೆಂಡತಿ.

"ಬೋರ್ಡಿನಲ್ಲಿ ಉಂಟಲ್ಲ, ಸನ್‌ಸೆಟ್ ಪಾಯಿಂಟ್."

"ಪಿಲಿಪಾದೆ ಅಂತ ಹೇಳಲಿಲ್ಲವಾ?"

"ಆ ಹೆಸರು ಹೇಳಬಾರದು ಅಂತ ಕರಾರಿನಲ್ಲೇ ಉಂಟು ಮಾರಾಯ್ತಿ. ಹುಲಿಯ ಬಂಡೆ ಅಂದರೆ ನೋಡಲು ಬರುವವರು ಹೆದರ್ತಾರಂತೆ. ರೇಂಜರು ಪಕ್ಕದಲ್ಲೇ ನಿಂತಿದ್ದರು."

"ಹಾಗಾದರೆ ನೀವು ಕೊಟ್ಟದ್ದು ಯಾರಿಗೆ ಮುಟ್ಟಿತು?"

"ದೈವಕ್ಕೆ ಇಂಗ್ಲಿಷ್ ಬರುವುದಿಲ್ಲ ಅಂತೀಯಾ?"

ಅವಳು ನಗಲಿಲ್ಲ. "ಇವತ್ತೂ ರಾತ್ರಿ ನೀವು ಅಲ್ಲೇ ಮಲಗಬೇಕಲ್ಲ."

ಅವನು ದನಿ ತಗ್ಗಿಸಿದ. "ನಿನ್ನೆ ಅಂಗಡಿಯ ತಟ್ಟಿಯ ಹೊರಗೆ ಎಂತದೋ ಉಸಿರಾಡಿತು. ಬೆಳಕಾಗುವವರೆಗೆ ನಾನು ಕಾಲು ಚಾಚಲಿಲ್ಲ."

"ಅದನ್ನು ಈಗ ಹೇಳ್ತೀರಾ?"

"ಗುತ್ತಿಗೆ ಬಿಟ್ಟರೆ ಊಟಕ್ಕೆ ಎಂತ ಮಾಡುವುದು?"

"ಬಿಡುವುದು ಬೇಡ. ಇನ್ನೊಮ್ಮೆ ತಂಬಿಲ ಕೊಡುವ. ಹೆಸರು ನಾನು ಹೇಳ್ತೇನೆ. ಕರಾರಿಗೆ ಸಹಿ ಹಾಕಿದ್ದು ನೀವು, ನಾನಲ್ಲವಲ್ಲ."

ಘಟ್ಟದ ಬಸ್ಸು ಬಂದಾಗ ಅವಳು ಹೂವಿನವಳಿಂದ ದೈವಕ್ಕೆಂದು ಅಡಿಕೆಯ ಹಿಂಗಾರ ಕೊಂಡು ಅವನಿಗಿಂತ ಮೊದಲೇ ಹತ್ತಿದಳು.

ಮಣಿಪಾಲದಲ್ಲಿ ಅಲೋಶಿಯಸ್ ಮಾಸ್ಟರರಿಗೆ ಅವರ ಕೊಡೆಯನ್ನು ಹಿಂದಿರುಗಿಸಿದೆ. ಕಣ್ಣು ಮಂಜಾಗಿದ್ದ ಅವರು, ಇದನ್ನು ಒಯ್ದದ್ದು ಯಾರು ಎಂದು ಕೇಳಿದರು.

"ತಾರಾನಾಥ," ಎಂದೆ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.